ನಿತ್ಯಾನುಷ್ಠಾನವೂ ವ್ಯಸನಮುಕ್ತಿಯೂ

ಕುಡಿತವನ್ನು ನಿಲ್ಲಿಸುವುದಕ್ಕೂ ನಿಲ್ಲಿಸಿದ ಮೇಲೆ ಹಾಗೆಯೇ ಉಳಿಯುವುದಕ್ಕೂ ಇರುವ ಅಂತರವನ್ನು ವ್ಯಸನ ಚಿಕಿತ್ಸೆಯಲ್ಲಿ ತೊಡಗಿದ ವೈದ್ಯರು ಚೆನ್ನಾಗಿ ಬಲ್ಲರಾದರೂ ಕುಟುಂಬದವರಿಗೆ ಅದು ಅರಿವಾಗುವುದು ತಡವಾಗಿ. ದೇಹವನ್ನು ಮದ್ಯದ ಹಿಡಿತದಿಂದ ಬಿಡಿಸುವ ಹಂತ, ಅಂದರೆ ನಿರ್ವಿಷೀಕರಣ, ಸಾಮಾನ್ಯವಾಗಿ ಒಂದು ವಾರ ಹತ್ತು ದಿನಗಳಲ್ಲಿ ಮುಗಿಯುತ್ತದೆ. ಕೈನಡುಕ, ಬೆವರು, ವಾಕರಿಕೆ, ನಿದ್ರಾಹೀನತೆಯಂತಹ ಹಿಂತೆಗೆತದ ಚಿಹ್ನೆಗಳು ಔಷಧಿಗಳ ನೆರವಿನಿಂದ ತಗ್ಗುತ್ತವೆ, ಊಟ ಸೇರತೊಡಗುತ್ತದೆ, ಮುಖದಲ್ಲಿ ಕಳೆ ಮೂಡುತ್ತದೆ. ಮನೆಯವರು ಕಾಯಿಲೆ ವಾಸಿಯಾಯಿತೆಂದು ನಿಟ್ಟುಸಿರು ಬಿಡುವುದೂ ವೈದ್ಯರು ನಿಜವಾದ ಚಿಕಿತ್ಸೆ ಈಗ ಶುರುವಾಯಿತೆಂದು ಎಚ್ಚರಿಸುವುದೂ ಇದೇ ಘಟ್ಟದಲ್ಲಿ. ಮರುಕಳಿಕೆ, ಅಂದರೆ ಬಿಟ್ಟ ಚಟಕ್ಕೆ ಮತ್ತೆ ಬೀಳುವುದು, ಅತಿ ಹೆಚ್ಚಾಗಿ ಕಾಣಿಸುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ತಿಂಗಳುಗಳಲ್ಲಿ.

ಭಾರತದ ಮಟ್ಟಿಗೆ ಈ ತಿಂಗಳುಗಳನ್ನು ದಾಟಿಸುವ ವ್ಯವಸ್ಥೆ ಬಹಳ ತೆಳುವಾಗಿದೆ. ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ನಡೆಸಿ, ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ನೆರವು ದೊರೆತಿದ್ದರೆ, ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರು ತಮಗೆ ಎಟುಕುವುದನ್ನು ಹಿಡಿದುಕೊಳ್ಳುತ್ತಾರೆ. ಅದು ಊರ ದೇವಸ್ಥಾನ, ಮಠ, ದರ್ಗಾ ಅಥವಾ ಚರ್ಚ್ ಆಗಿರುತ್ತದೆ, ಹರಕೆಯೋ ವ್ರತವೋ ಸಂಜೆಯ ಭಜನೆಯೋ ಆಗಿರುತ್ತದೆ. ಆದ್ದರಿಂದ ಆಧ್ಯಾತ್ಮಿಕ ಸಾಧನೆಗೂ ವ್ಯಸನಮುಕ್ತಿಗೂ ಇರುವ ನಂಟು ಭಕ್ತರ ಚರ್ಚೆಗಷ್ಟೇ ಬಿಡಬಹುದಾದ ಸಂಗತಿಯಲ್ಲ. ದೇವರಿದ್ದಾನೆಯೇ ಎಂಬುದು ವಿಜ್ಞಾನದ ಪ್ರಯೋಗಕ್ಕೆ ಸಿಗುವ ಪ್ರಶ್ನೆಯಲ್ಲದಿದ್ದರೂ, ದಿನವೂ ಗೊತ್ತಾದ ಹೊತ್ತಿಗೆ ಪ್ರಾರ್ಥನೆ, ಜಪ, ಧ್ಯಾನ, ಪೂಜೆ ಅಥವಾ ನಮಾಜಿಗೆ ಕೂರುವ ವ್ಯಕ್ತಿಯ ದೇಹ ಮನಸ್ಸುಗಳಲ್ಲಿ ಏನಾಗುತ್ತದೆ, ಅವನು ಕುಡಿಯದೆ ಉಳಿಯುವ ಸಾಧ್ಯತೆ ಹೆಚ್ಚುತ್ತದೆಯೇ ಎಂಬುದು ಖಂಡಿತವಾಗಿಯೂ ಪರೀಕ್ಷಿಸಬಹುದಾದ ಪ್ರಶ್ನೆ.

ಕಲಿತದ್ದನ್ನು ಮರೆಯದ ಮೆದುಳು

ವ್ಯಸನವನ್ನು ಇಂದಿನ ನರವಿಜ್ಞಾನ ಒಂದು ಬಗೆಯ ಕಲಿಕೆಯಾಗಿ ನೋಡುತ್ತದೆ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ನರವಾಹಕವನ್ನು (ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕವನ್ನು) ಸ್ರವಿಸುವ ಕೋಶಗಳ ಚಟುವಟಿಕೆಯನ್ನು ಅಳೆದರು. ಬಾಯಿಗೆ ಹಣ್ಣಿನ ರಸ ಬಿದ್ದಾಗ ಆ ಕೋಶಗಳು ಮೊದಮೊದಲು ಚುರುಕಾಗುತ್ತಿದ್ದವು; ರಸ ಬರುವ ಮುನ್ನ ಒಂದು ದೀಪ ಹೊತ್ತಿಕೊಳ್ಳುತ್ತದೆಂದು ಕೋತಿ ಕಲಿತ ಮೇಲೆ ಅವು ದೀಪ ಹೊತ್ತಿದಾಗಲೇ ಚುರುಕಾಗಿ, ರಸ ಬಂದಾಗ ಸುಮ್ಮನಿರತೊಡಗಿದವು; ದೀಪ ಹೊತ್ತಿಯೂ ರಸ ಬಾರದಿದ್ದರೆ ಅವುಗಳ ಚಟುವಟಿಕೆ ಮಾಮೂಲಿಗಿಂತ ಕೆಳಗಿಳಿಯಿತು. ಅಂದರೆ ಮೆದುಳು ಸುಖಕ್ಕಿಂತ ಸುಖದ ಮುನ್ಸೂಚನೆಗೆ ಹೆಚ್ಚು ಬೆಲೆ ಕೊಡಲು ಕಲಿಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಮಂಡಿಸಿದ ವಾದ ಇದಕ್ಕೆ ಹೊಂದುವಂಥದ್ದು: ವ್ಯಸನ ಬಲಿತಂತೆ ವಸ್ತುವಿನಿಂದ ಸಿಗುವ ಸುಖ ಕುಗ್ಗುತ್ತಾ ಹೋಗಬಹುದು, ಆದರೆ ಅದು ಬೇಕೆಂಬ ಸೆಳೆತ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಕುಡಿತದಿಂದ ಈಗ ಯಾವ ಖುಷಿಯೂ ಇಲ್ಲವೆಂದು ಕಣ್ಣೀರಿಡುವ ವ್ಯಕ್ತಿ ಅದೇ ಸಂಜೆ ಮತ್ತೆ ಕುಡಿಯುವುದರಲ್ಲಿ ಸುಳ್ಳೇನೂ ಇಲ್ಲ.

ಶನಿವಾರ ಸಂಜೆ ಗಾರೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಮೇಸ್ತ್ರಿಯಿಂದ ವಾರದ ಬಟವಾಡೆ ಎಣಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ಹೊರಟವನನ್ನು ಗಮನಿಸಿದರೆ ಈ ಮುನ್ಸೂಚನೆಗಳ ಸಾಲು ಕಣ್ಣಿಗೆ ಬೀಳುತ್ತದೆ. ಜೇಬಿನಲ್ಲಿ ಹಣ, ಮೈಯಲ್ಲಿ ದಣಿವು, ತಿರುವಿನಲ್ಲಿ ವೈನ್ ಸ್ಟೋರಿನ ಟ್ಯೂಬ್‌ಲೈಟು, ಪಕ್ಕದ ಗಾಡಿಯಿಂದ ಬರುವ ಮೊಟ್ಟೆ ಬೋಂಡದ ವಾಸನೆ, ಕಟ್ಟೆಯ ಮೇಲಿನ ಪ್ಲಾಸ್ಟಿಕ್ ಲೋಟ, 'ಒಂದೇ ಒಂದು ನೈಂಟಿ' ಎಂದು ಹೆಗಲ ಮೇಲೆ ಕೈಯಿಡುವ ಜೊತೆಗಾರ: ಇವುಗಳಲ್ಲಿ ಪ್ರತಿಯೊಂದೂ ವರ್ಷಗಟ್ಟಲೆ ಮದ್ಯದ ಜೊತೆ ಬೆಸೆದುಕೊಂಡ ಸೂಚನೆಯೇ. ಇವು ಒಟ್ಟಾಗಿ ಎದ್ದಾಗ ಮನಸ್ಸಿನಲ್ಲಿ ಮೂಡುವ ಒತ್ತಡಕ್ಕೆ ಕಡುಬಯಕೆ ಎಂದು ಹೆಸರು. ಅಮೆರಿಕದ ಮನೋವೈದ್ಯಕೀಯ ಸಂಘ 2013ರ ತನ್ನ ರೋಗನಿದಾನ ಕೈಪಿಡಿಯಲ್ಲಿ ಮದ್ಯ ಸೇವನೆಯ ಕಾಯಿಲೆಗೆ ನೀಡಿದ 11 ಲಕ್ಷಣಗಳಲ್ಲಿ ಇದನ್ನೂ ಸೇರಿಸಿತು.

ಈ ಕಲಿಕೆಗೆ ಇನ್ನೊಂದು ಗುಣವಿದೆ, ಈ ಅಧ್ಯಾಯದ ವಾದವೆಲ್ಲ ನಿಂತಿರುವುದು ಅದರ ಮೇಲೆಯೇ. ಒಂದು ಗೂಡಿನಲ್ಲಿ ಸನ್ನೆ ಒತ್ತಿ ಮದ್ಯ ಪಡೆಯಲು ಕಲಿತ ಇಲಿಯನ್ನು ಬೇರೆ ಬಣ್ಣದ, ಬೇರೆ ವಾಸನೆಯ ಗೂಡಿಗೆ ಸಾಗಿಸಿ, ಅಲ್ಲಿ ಎಷ್ಟು ಒತ್ತಿದರೂ ಏನೂ ಸಿಗದಂತೆ ಮಾಡಿದರೆ ಅದು ಕ್ರಮೇಣ ಒತ್ತುವುದನ್ನು ಬಿಡುತ್ತದೆ; ಆದರೆ ಮೊದಲಿನ ಗೂಡಿಗೆ ಮರಳಿ ತಂದೊಡನೆ ಮತ್ತೆ ಒತ್ತತೊಡಗುತ್ತದೆ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಬೌಟನ್ ದಶಕಗಳ ಕಾಲ ಅಧ್ಯಯನ ಮಾಡಿದ ಈ ವಿದ್ಯಮಾನದ ಸಾರವೆಂದರೆ, ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆಯೊಂದು ಕೂರುತ್ತದೆ, ಮತ್ತು ಹೊಸದು ತಾನು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಇದರ ಮಾನವ ರೂಪವೊಂದು ವಿಯೆಟ್ನಾಂ ಯುದ್ಧದ ಕಾಲದಲ್ಲಿ ದಾಖಲಾಯಿತು. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರು ಹೆರಾಯಿನ್‌ನಂತಹ ಅಫೀಮು ವರ್ಗದ ಮಾದಕಗಳಿಗೆ ದಾಸರಾಗಿದ್ದರು. ಲೀ ರಾಬಿನ್ಸ್ ನೇತೃತ್ವದ ಅಧ್ಯಯನ ಅವರನ್ನು ಹಿಂಬಾಲಿಸಿದಾಗ, ಸ್ವದೇಶಕ್ಕೆ ಮರಳಿದ ಮೊದಲ ವರ್ಷ ಅವರಲ್ಲಿ ಮತ್ತೆ ದಾಸರಾದವರು ಶೇ. 5ರಷ್ಟು ಮಾತ್ರ ಎಂದು ತಿಳಿದುಬಂತು. ವ್ಯಸನ ಅಂಟಿಕೊಂಡದ್ದು ಒಂದು ದೇಶದಲ್ಲಿ, ಬದುಕು ಮುಂದುವರಿದದ್ದು ಇನ್ನೊಂದರಲ್ಲಿ. ಸಾಮಾನ್ಯ ರೋಗಿಯ ಪಾಡು ಇದಕ್ಕೆ ತದ್ವಿರುದ್ಧ: ಅವನು ಮದ್ಯ ಬಿಡುವುದು ಊರಾಚೆಯ ಕೇಂದ್ರದಲ್ಲಿ, ಮರಳುವುದು ಅದೇ ಬಸ್ ಸ್ಟ್ಯಾಂಡಿಗೆ, ಅದೇ ತಿರುವಿಗೆ.

ಮಾಲೆ ತೆಗೆದ ಮೇಲೆ

ಕರ್ನಾಟಕದಲ್ಲಿ ಪ್ರತಿವರ್ಷ ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಈ ತತ್ತ್ವದ ಪ್ರಯೋಗವೊಂದು ಯಾವ ವಿಜ್ಞಾನಿಯ ಮೇಲ್ವಿಚಾರಣೆಯೂ ಇಲ್ಲದೆ ನಡೆಯುತ್ತದೆ. ಶಬರಿಮಲೆಗೆ ಹೊರಡುವವರು ಮಾಲೆ ಧರಿಸಿ, 41 ದಿನಗಳ ವ್ರತ ಹಿಡಿದು, ಎರಡು ಹೊತ್ತು ತಣ್ಣೀರು ಸ್ನಾನ ಮಾಡಿ, ಕಪ್ಪು ಅಥವಾ ನೀಲಿ ಬಟ್ಟೆಯುಟ್ಟು, ಮದ್ಯ ಮಾಂಸ ತಂಬಾಕುಗಳನ್ನು ಬಿಟ್ಟು, ಸಂಜೆ ಸನ್ನಿಧಾನದಲ್ಲಿ ಶರಣು ಕೂಗಿ ಭಜನೆ ಮಾಡುತ್ತಾರೆ. ವರ್ಷವಿಡೀ ಕುಡಿಯುವವರೂ ಈ ಅವಧಿಯಲ್ಲಿ ಒಂದು ತೊಟ್ಟನ್ನೂ ಮುಟ್ಟದೆ ಇರಬಲ್ಲರೆಂಬುದು ಅವರ ಮನೆಯವರಿಗೆ ಸದಾ ಅಚ್ಚರಿ. ಯಾತ್ರೆ ಮುಗಿದು ಮಾಲೆ ತೆಗೆದ ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಹಳೆಯ ಜಾಗಕ್ಕೆ ಮರಳುವುದು ಅವರಿಗೆ ಅಷ್ಟೇ ದೊಡ್ಡ ನಿರಾಸೆ. ಶ್ರಾವಣ ಮಾಸದ ಸಂಯಮಕ್ಕೂ ರಂಜಾನ್ ಉಪವಾಸಕ್ಕೂ ಇದೇ ಮಾತು ಸಲ್ಲುತ್ತದೆ.

ಇದನ್ನು ಭಕ್ತಿಯ ಕೊರತೆಯೆಂದು ಹೀಗಳೆಯುವುದು ಸುಲಭ, ಆದರೆ ಅದು ತಪ್ಪು ವಿವರಣೆ. ವ್ರತಧಾರಿಯ ಉಡುಪು ಬೇರೆ, ಮಲಗುವ ಚಾಪೆ ಬೇರೆ, ಊಟ ಬೇರೆ, ಅವನನ್ನು ಕರೆಯುವ ಹೆಸರೂ ಬೇರೆ. ನಿನ್ನೆಯವರೆಗೆ ಲೋಟ ಚಾಚುತ್ತಿದ್ದ ಗೆಳೆಯನೇ ಇಂದು 'ಸ್ವಾಮಿ' ಎಂದು ಕೈಮುಗಿದು ದೂರ ಸರಿಯುತ್ತಾನೆ. ಊರು ಅದೇ ಆಗಿದ್ದರೂ ವ್ರತ ಅವನ ಸುತ್ತ ಬೇರೊಂದು ಲೋಕವನ್ನೇ ಕಟ್ಟಿರುತ್ತದೆ, ಮಾಲೆಯ ಜೊತೆಗೆ ಆ ಲೋಕವೂ ಕಳಚಿಬೀಳುತ್ತದೆ. ವ್ರತ ಸಾಬೀತುಪಡಿಸುವ ಸಂಗತಿ ಮಾತ್ರ ಚಿಕ್ಕದೇನಲ್ಲ: ಆ ವ್ಯಕ್ತಿಗೆ ಕುಡಿಯದಿರುವ ಸಾಮರ್ಥ್ಯವಿದೆ, ಅದನ್ನು ಮಾಲೆಯಿಲ್ಲದಾಗಲೂ ಉಳಿಸಿಕೊಳ್ಳುವ ಏರ್ಪಾಡು ಇಲ್ಲ. (ದಿನವೂ ಹೆಚ್ಚು ಕುಡಿದು ದೇಹ ಮದ್ಯಕ್ಕೆ ಒಗ್ಗಿಹೋದವರ ಮಾತು ಬೇರೆ, ಅವರು ವೈದ್ಯರನ್ನು ಕಾಣದೆ ಒಮ್ಮೆಲೇ ಮಾಲೆ ಹಾಕಿ ನಿಲ್ಲಿಸುವುದು ಅಪಾಯಕಾರಿ, ಏಕೆಂಬುದು ಮುಂದೆ ಬರುತ್ತದೆ.)

ಅವಧಿಯ ಪ್ರಶ್ನೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನನಿತ್ಯದ ಒಂದು ಸಣ್ಣ ಹೊಸ ರೂಢಿ ಯೋಚಿಸದೆ ನಡೆಯುವಷ್ಟು ಮೈಗೂಡಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುವಂತಿತ್ತು. ನಡುವೆ ಒಂದು ದಿನ ತಪ್ಪಿದರೆ ಆ ರೂಢಿಗೆ ಹೆಚ್ಚೇನೂ ಧಕ್ಕೆಯಾಗದು ಎಂಬ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ವ್ಯಸನಮುಕ್ತಿಯ ವಿಷಯದಲ್ಲಿ ಇನ್ನೂ ಮುಖ್ಯವಾದದ್ದು.

ಆ್ಯಕ್ರನ್‌ನ ಹೋಟೆಲಿನಲ್ಲಿ

ಆಧ್ಯಾತ್ಮಿಕ ಸಾಧನೆಯನ್ನು ವ್ಯಸನಮುಕ್ತಿಯ ನಡುಮಧ್ಯೆ ಇಟ್ಟ ಆಧುನಿಕ ಚಳವಳಿಯೆಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ರೂಢಿಯಲ್ಲಿ ಎ.ಎ. ಅದರ ಆರಂಭದ ಕಥೆಯನ್ನು ಸಾಮಾನ್ಯವಾಗಿ ಒಂದು ದಿವ್ಯಾನುಭವದಿಂದ ಶುರುಮಾಡುವುದುಂಟು. 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಮತ್ತೊಮ್ಮೆ ದಾಖಲಾಗಿದ್ದ ಷೇರು ವ್ಯವಹಾರದ ಬಿಲ್ ವಿಲ್ಸನ್‌ಗೆ ಕೋಣೆಯೆಲ್ಲ ಬೆಳಕು ತುಂಬಿದಂತಾಯಿತು, ಆ ಬಳಿಕ ಆತ ಕುಡಿಯಲಿಲ್ಲ. ಆ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಬೆಲ್ಲಡೋನಾ ಎಂಬ, ಭ್ರಮೆ ಹುಟ್ಟಿಸಬಲ್ಲ ಸಸ್ಯೌಷಧಿಯ ಬಳಕೆಯಿತ್ತಾದ್ದರಿಂದ ಬೆಳಕಿನ ಮೂಲದ ಬಗ್ಗೆ ಚರ್ಚೆ ಇಂದಿಗೂ ಇದೆ. ಆದರೆ ವಿಜ್ಞಾನದ ದೃಷ್ಟಿಯಿಂದ ಅದಕ್ಕಿಂತ ಕುತೂಹಲಕರವಾದದ್ದು ಐದು ತಿಂಗಳ ನಂತರದ ಸಂಜೆ. ವ್ಯಾಪಾರದ ಕೆಲಸಕ್ಕೆ ಓಹಾಯೊ ರಾಜ್ಯದ ಆ್ಯಕ್ರನ್ ನಗರಕ್ಕೆ ಬಂದು, ಆ ಕೆಲಸ ಕೆಟ್ಟು, ಪರವೂರಿನ ಹೋಟೆಲಿನ ಮೊಗಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದ ವಿಲ್ಸನ್‌ಗೆ ಪಕ್ಕದ ಬಾರಿನ ಗದ್ದಲ ಕೇಳಿಸುತ್ತಿತ್ತು. ಬೆಳಕು ಕಂಡವನಲ್ಲೂ ಕಡುಬಯಕೆ ಎದ್ದಿತು. ಆತ ಬಾರಿಗೆ ಹೋಗದೆ ಟೆಲಿಫೋನಿನ ಬಳಿ ಹೋಗಿ, ಚರ್ಚುಗಳ ಪಟ್ಟಿ ನೋಡಿ ಕರೆ ಮಾಡುತ್ತಾ, ತನ್ನಂಥದೇ ಇನ್ನೊಬ್ಬ ಕುಡುಕನನ್ನು ಹುಡುಕಿದ. ಹಾಗೆ ಸಿಕ್ಕ ಶಸ್ತ್ರವೈದ್ಯ ಬಾಬ್ ಸ್ಮಿತ್ ಕೊನೆಯ ಸಲ ಕುಡಿದ ದಿನವಾದ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಬೆಳಕು ಕಂಡ ದಿನವನ್ನಲ್ಲ.

ಆ ಇಬ್ಬರೂ ನಂಟು ಹೊಂದಿದ್ದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದಲ್ಲಿ ಪ್ರತಿದಿನ ಬೆಳಗ್ಗೆ ಸ್ವಲ್ಪ ಹೊತ್ತು ಮೌನವಾಗಿ ಕೂತು, ಮನಸ್ಸಿಗೆ ಹೊಳೆದದ್ದನ್ನು ಬರೆದಿಡುವ ರೂಢಿಯಿತ್ತು. 1939ರಲ್ಲಿ ಪ್ರಕಟವಾದ ಎ.ಎ.ಯ ಮುಖ್ಯ ಗ್ರಂಥದಲ್ಲಿರುವ ಹನ್ನೆರಡು ಮೆಟ್ಟಿಲುಗಳ ಪೈಕಿ ಹತ್ತನೆಯದು ತಪ್ಪುಗಳ ಆತ್ಮಪರಿಶೀಲನೆಯನ್ನು ನಿಲ್ಲಿಸದೆ ಮುಂದುವರಿಸುವುದನ್ನೂ ಹನ್ನೊಂದನೆಯದು ಪ್ರಾರ್ಥನೆ ಮತ್ತು ಧ್ಯಾನವನ್ನೂ ಹೇಳುವುದು ಈ ಹಿನ್ನೆಲೆಯಿಂದ. ದೇವರೆಂಬ ಮಾತಿಗೆ 'ಅವರವರು ತಿಳಿದಂತೆ' ಎಂಬರ್ಥದ ವಿವರಣೆ ಸೇರಿದ್ದು ಆ ಗುಂಪಿನಲ್ಲಿದ್ದ ನಾಸ್ತಿಕರ ಒತ್ತಾಯದಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಮಾರ್ಗವನ್ನು ವೈದ್ಯಕೀಯ ಲೋಕ ಬಹುಕಾಲ ಅನುಮಾನದಿಂದಲೇ ನೋಡಿತು, ಅದಕ್ಕೆ ಕಾರಣವೂ ಇತ್ತು: ಬಿಟ್ಟುಹೋದವರ ಲೆಕ್ಕವಿಲ್ಲದ ಕೂಟದಲ್ಲಿ ಉಳಿದವರ ಯಶಸ್ಸನ್ನಷ್ಟೇ ಎಣಿಸಿದರೆ ಯಾವ ಪದ್ಧತಿಯೂ ಚೆನ್ನಾಗಿಯೇ ಕಾಣುತ್ತದೆ. ಅಮೆರಿಕದಲ್ಲಿ 1,726 ರೋಗಿಗಳನ್ನು ಮೂರು ಬಗೆಯ ಚಿಕಿತ್ಸೆಗಳಿಗೆ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಯಾರ ಆಯ್ಕೆಯೂ ಇಲ್ಲದೆ, ಹಂಚಿದ ಪ್ರಾಜೆಕ್ಟ್ ಮ್ಯಾಚ್ ಎಂಬ ಬೃಹತ್ ಅಧ್ಯಯನದ ಫಲಿತಾಂಶ 1997ರಲ್ಲಿ ಬಂದಾಗ, ರೋಗಿಯನ್ನು ಹನ್ನೆರಡು ಮೆಟ್ಟಿಲುಗಳ ಕಡೆಗೆ ನಡೆಸುವ ಚಿಕಿತ್ಸೆ ಉಳಿದೆರಡು ಮನೋಚಿಕಿತ್ಸೆಗಳಿಗಿಂತ ಕೆಳಗೆ ಬೀಳಲಿಲ್ಲ. ಆ ಬಳಿಕ 27 ಅಧ್ಯಯನಗಳ 10,565 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಹೊರತಂದ ವಿಮರ್ಶೆ, ಸಂಪೂರ್ಣ ಪಾನಮುಕ್ತಿಯ ವಿಷಯದಲ್ಲಿ ಈ ಮಾರ್ಗ ಇತರ ಸುಸ್ಥಾಪಿತ ಚಿಕಿತ್ಸೆಗಳಿಗಿಂತ ಸ್ವಲ್ಪ ಮೇಲೆಂದೇ ಕಂಡುಕೊಂಡಿತು. ಒಂದು ವರ್ಷದ ಕೊನೆಗೆ ಇದರಲ್ಲಿ ಶೇ. 42 ಜನ ಮದ್ಯದಿಂದ ದೂರವಿದ್ದರೆ ಉಳಿದವುಗಳಲ್ಲಿ ಶೇ. 35. ಅಂತರ ಸಣ್ಣದು, ಮತ್ತು ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ಕುಡಿದರೆಂಬುದನ್ನು ಮರೆಯುವಂತಿಲ್ಲ. ಆದರೆ ಹಣ ಪಡೆಯದ, ಎಷ್ಟು ವರ್ಷ ಬೇಕಾದರೂ ಮುಂದುವರಿಯಬಲ್ಲ ಕೂಟವೊಂದಕ್ಕೆ ಇದು ಗಣನೀಯ ಸಾಧನೆ.

ಉಸಿರು ಮತ್ತು ನೋಟ

ನಿತ್ಯಾನುಷ್ಠಾನ ದೇಹದ ಮೇಲೆ ಎಸಗುವ ಪರಿಣಾಮವನ್ನು ತಿಳಿಯಲು ಜಪವೇ ಒಳ್ಳೆಯ ಉದಾಹರಣೆ. ಇಟಲಿಯ ಪಾವಿಯಾದ ಹೃದಯತಜ್ಞ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಒಮ್ಮೆ ಲ್ಯಾಟಿನ್ ಭಾಷೆಯ ಜಪಸರದ ಪ್ರಾರ್ಥನೆಯನ್ನೂ ಇನ್ನೊಮ್ಮೆ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ, ಫಲಿತಾಂಶವನ್ನು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಎರಡು ದೂರದ ಧರ್ಮಗಳ ಈ ಎರಡೂ ಪಠಣಗಳು ಉಸಿರಾಟವನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ರಕ್ತದೊತ್ತಡದ ಏರಿಳಿತಕ್ಕೆ ತಕ್ಕಂತೆ ಹೃದಯದ ಬಡಿತವನ್ನು ಸರಿದೂಗಿಸುವ ನರವ್ಯವಸ್ಥೆ ಆ ಲಯದಲ್ಲಿ ಹೆಚ್ಚು ಚುರುಕಾಯಿತು. ಮದ್ಯ ಬಿಟ್ಟ ಮೊದಲ ತಿಂಗಳುಗಳಲ್ಲಿ ಇದೇ ಸ್ವಯಂಚಾಲಿತ ನರವ್ಯವಸ್ಥೆ ಕದಡಿರುತ್ತದೆ: ಸಣ್ಣ ಸದ್ದಿಗೂ ಬೆಚ್ಚುವುದು, ಎದೆ ಹೊಡೆದುಕೊಳ್ಳುವುದು, ನಡುರಾತ್ರಿ ಎಚ್ಚರವಾಗುವುದು ಮಾಮೂಲು, ಮತ್ತು ಈ ಕಳವಳವನ್ನು ಅಡಗಿಸಲು ವ್ಯಸನಿಗಳಿಗೆ ತಿಳಿದಿರುವ ಒಂದೇ ಮದ್ದು ಮದ್ಯ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ವಾರದ ನಿರ್ವಿಷೀಕರಣ ಮುಗಿಸಿದ 60 ಮದ್ಯಾವಲಂಬಿಗಳ ಪೈಕಿ ಅರ್ಧದಷ್ಟು ಜನರಿಗೆ ಎರಡು ವಾರ ಸುದರ್ಶನ ಕ್ರಿಯೆ ಎಂಬ ಲಯಬದ್ಧ ಉಸಿರಾಟವನ್ನು ಕಲಿಸಲಾಯಿತು. ಖಿನ್ನತೆಯ ಅಂಕಗಳೂ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಮಟ್ಟವೂ ಉಳಿದವರಿಗಿಂತ ಇವರಲ್ಲಿ ಹೆಚ್ಚು ತಗ್ಗಿದವು. ಆ ಅಧ್ಯಯನದ ಅವಧಿ ಎರಡೇ ವಾರವಾದ್ದರಿಂದ, ಅವರು ಮುಂದೆ ಕುಡಿಯದೆ ಉಳಿದರೆಂಬ ತೀರ್ಮಾನವನ್ನು ಅದರ ಮೇಲೆ ಹೊರಿಸಲಾಗದು.

ಮನಸ್ಸಿನ ಮಟ್ಟದಲ್ಲಿ ನಡೆಯುವ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಕಡುಬಯಕೆ ಎದ್ದಾಗ ಅದನ್ನು ತಣಿಸದಿದ್ದರೆ ಬೆಳೆಯುತ್ತಲೇ ಹೋಗುತ್ತದೆಂದು ವ್ಯಸನಿ ನಂಬಿರುತ್ತಾನೆ. ವಾಸ್ತವದಲ್ಲಿ ಅದು ಏರಿ, ತುದಿ ಮುಟ್ಟಿ, ಹೆಚ್ಚಿನ ಸಲ ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಇಳಿಯುವ ಮೊದಲೇ ಪ್ರತಿಸಲವೂ ಕುಡಿದವನಿಗೆ ಆ ಇಳಿತ ಎಂದೂ ಕಾಣಸಿಕ್ಕಿರುವುದಿಲ್ಲ. ಸಿಯಾಟಲ್‌ನ ಮನೋವಿಜ್ಞಾನಿ ಅಲನ್ ಮಾರ್ಲಟ್ ಇದನ್ನು ಅಲೆಗೆ ಹೋಲಿಸಿ, ಬಯಕೆಯ ಜೊತೆ ಹೋರಾಡದೆ ಅದರ ಮೇಲೆ ತೇಲುವುದನ್ನು ಕಲಿಸಿದರು. ಬೌದ್ಧ ಧ್ಯಾನದಲ್ಲಿ ಆಳವಾದ ಆಸಕ್ತಿಯಿದ್ದ ಅವರ ತಂಡ ಅಲ್ಲಿನ ಜೈಲೊಂದರ ಕೈದಿಗಳಿಗೆ ನಡೆದ ವಿಪಶ್ಯನ ಶಿಬಿರಗಳನ್ನು ಅಧ್ಯಯನ ಮಾಡಿ, ಮುಂದೆ ಎಂಟು ವಾರಗಳ ಚಿಕಿತ್ಸಾ ಕ್ರಮವೊಂದನ್ನು ರೂಪಿಸಿತು. ಇಲ್ಲಿ ಭಾರತದ ಎಳೆಯೂ ಸೇರಿದೆ: ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ಕಲಿಸಿದ ಈ ಧ್ಯಾನಕ್ರಮ 1990ರ ದಶಕದಲ್ಲಿ, ಕಿರಣ್ ಬೇಡಿಯವರ ಅಧಿಕಾರಾವಧಿಯಲ್ಲಿ, ದೆಹಲಿಯ ತಿಹಾರ್ ಜೈಲನ್ನು ಪ್ರವೇಶಿಸಿತ್ತು. ಮಾರ್ಲಟ್ 2011ರಲ್ಲಿ ತೀರಿಕೊಂಡ ಬಳಿಕ ಸಾರಾ ಬೋವೆನ್ ನೇತೃತ್ವದಲ್ಲಿ 286 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಧ್ಯಾನಾಧಾರಿತ ಕ್ರಮವನ್ನು ಕಲಿತವರು ಒಂದು ವರ್ಷದ ಕೊನೆಗೆ ಇತರ ಎರಡು ಗುಂಪುಗಳವರಿಗಿಂತ ಕಡಿಮೆ ದಿನ ಮಾದಕ ಸೇವಿಸಿದ್ದರು, ವಿಪರೀತ ಕುಡಿಯುವ ಸಂದರ್ಭಗಳೂ ಅವರಲ್ಲಿ ಕಡಿಮೆಯಿದ್ದವು. ಗಮನಾರ್ಹವೆಂದರೆ ಆರನೆಯ ತಿಂಗಳಲ್ಲಿ ಅವರಿಗೂ ಮರುಕಳಿಕೆ ತಡೆಯುವ ಸಾಮಾನ್ಯ ತರಬೇತಿ ಪಡೆದವರಿಗೂ ಅಂಥ ವ್ಯತ್ಯಾಸವಿರಲಿಲ್ಲ; ಅಂತರ ತೆರೆದುಕೊಂಡದ್ದು ನಿಧಾನವಾಗಿ.

ಧ್ಯಾನದಲ್ಲಿ ಅಭ್ಯಾಸವಾಗುವುದಾದರೂ ಏನು ಎಂಬುದನ್ನು ಲಿಂಗಾಯತ ಮನೆಗಳ ಇಷ್ಟಲಿಂಗ ಪೂಜೆಯ ಮೂಲಕ ಹತ್ತಿರದಿಂದ ನೋಡಬಹುದು. ಮಿಂದು, ವಿಭೂತಿ ಧರಿಸಿ, ಕರಡಿಗೆಯಿಂದ ತೆಗೆದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕೈಯನ್ನು ಕಣ್ಣಿನ ಮಟ್ಟಕ್ಕೆ ತಂದು, ಅದರ ಕಪ್ಪು ಹೊಳಪಿನಲ್ಲಿ ಕಾಣುವ ಬೆಳಕಿನ ಚುಕ್ಕೆಯ ಮೇಲೆ ನೋಟ ನಿಲ್ಲಿಸಿದವನಿಗೆ ಮೊದಲ ನಿಮಿಷದಲ್ಲೇ ತೊಂದರೆಗಳು ಶುರುವಾಗುತ್ತವೆ. ರೆಪ್ಪೆ ಬಡಿಯಬೇಕೆನಿಸುತ್ತದೆ, ತೋಳು ಸೋಲುತ್ತದೆ, ಮನಸ್ಸು ಸಾಲಗಾರನ ಕಡೆಗೋ ಸಂಜೆಯ ಕಡೆಗೋ ಹರಿಯುತ್ತದೆ. ಹರಿದದ್ದು ಗೊತ್ತಾದಾಗ ನೋಟವನ್ನು ಮತ್ತೆ ಚುಕ್ಕೆಗೆ ತರಬೇಕು. ಒಂದು ಒತ್ತಾಸೆ ಎದ್ದಿದೆಯೆಂದು ಗುರುತಿಸುವುದು, ಅದರಂತೆ ನಡೆಯದಿರುವುದು, ಮತ್ತೆ ಕೆಲಸಕ್ಕೆ ಮರಳುವುದು ಎಂಬ ಈ ಮೂರು ಹೆಜ್ಜೆಗಳು ಹತ್ತು ನಿಮಿಷದಲ್ಲಿ ಹತ್ತಾರು ಸಲ ನಡೆಯುತ್ತವೆ, ಮತ್ತು ವೈನ್ ಸ್ಟೋರಿನ ತಿರುವಿನಲ್ಲಿ ಬೇಕಾಗುವುದೂ ಇವೇ ಮೂರು. ಜಪಮಣಿ ಎಣಿಸುವವರಲ್ಲೂ ತಸ್ಬೀಹ್ ಹಿಡಿದವರಲ್ಲೂ ನಡೆಯುವುದು ಇದೇ ತಾಲೀಮು. ಚಿತ್ತ ಅಲೆದಾಡಿತೆಂದು ಕೊರಗುವ ಹೊಸಬರಿಗೆ ಹೇಳಬೇಕಾದ್ದೇನೆಂದರೆ, ಅಲೆದಾಡದ ಚಿತ್ತಕ್ಕೆ ಈ ತಾಲೀಮೇ ಸಿಗದು.

ಪ್ರಾರ್ಥನೆಯ ಬಗ್ಗೆ ನ್ಯೂಯಾರ್ಕಿನ ಮನೋವೈದ್ಯ ಮಾರ್ಕ್ ಗ್ಯಾಲಂಟರ್ ತಂಡ ನಡೆಸಿದ ಮೆದುಳಿನ ಚಿತ್ರಣ ಅಧ್ಯಯನವೂ ಉಲ್ಲೇಖಾರ್ಹ. ಎ.ಎ.ಯ 20 ಹಳೆಯ ಸದಸ್ಯರಿಗೆ ಮದ್ಯದ ಚಿತ್ರಗಳನ್ನು ತೋರಿಸಿ, ಒಮ್ಮೆ ಪ್ರಾರ್ಥನೆಯನ್ನೂ ಇನ್ನೊಮ್ಮೆ ಪತ್ರಿಕೆಯ ಬರಹವನ್ನೂ ಓದಿಸಿದಾಗ, ಪ್ರಾರ್ಥನೆಯ ಬಳಿಕ ಅವರ ಬಯಕೆ ಹೆಚ್ಚು ತಗ್ಗಿತು, ಗಮನ ಮತ್ತು ಭಾವನೆಗಳ ನಿಯಂತ್ರಣಕ್ಕೆ ಸಂಬಂಧಿಸಿದ ಮೆದುಳಿನ ಭಾಗಗಳು ಹೆಚ್ಚು ಚಟುವಟಿಕೆ ತೋರಿದವು. ವರ್ಷಗಟ್ಟಲೆ ಮದ್ಯದಿಂದ ದೂರವಿದ್ದವರಲ್ಲೂ ಚಿತ್ರ ಕಂಡೊಡನೆ ಬಯಕೆ ಚೂರಾದರೂ ಎದ್ದಿತೆಂಬುದು ಈ ಫಲಿತಾಂಶದ ಇನ್ನೊಂದು ಮುಖ.

ಜೋಳಿಗೆ, ಶಿಬಿರ ಮತ್ತು ಜೊತೆಗಾರರು

ಎ.ಎ. ಕೂಟಗಳು ಏಕೆ ಫಲ ನೀಡುತ್ತವೆಂದು ಬಿಡಿಸಿ ನೋಡಿದ ಹಾರ್ವರ್ಡ್‌ನ ಜಾನ್ ಕೆಲ್ಲಿಯವರ ಅಧ್ಯಯನಗಳಲ್ಲಿ ಎದ್ದು ಕಂಡ ಕಾರಣ, ಸದಸ್ಯರ ಒಡನಾಟದ ವಲಯ ಬದಲಾಗುವುದು: ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದವರು ಹೆಚ್ಚುತ್ತಾರೆ. ಆಧ್ಯಾತ್ಮಿಕತೆಯ ಪಾಲು ವ್ಯಸನ ತೀವ್ರವಾಗಿರುವವರಲ್ಲಿ ಹೆಚ್ಚಾಗಿ ಕಾಣಿಸಿತು. ಕರ್ನಾಟಕದ ಅನುಭವ ಇದಕ್ಕೆ ದೂರವಿಲ್ಲ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ, ಜನಜಾಗೃತಿ ವೇದಿಕೆಯ ಮೂಲಕ ಊರೂರುಗಳಲ್ಲಿ ನಡೆದುಬಂದಿರುವ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳಲ್ಲಿ ಯೋಗ, ಭಜನೆ, ಪ್ರಾರ್ಥನೆಗಳ ಜೊತೆಗೆ ಆಪ್ತಸಲಹೆಯೂ ಕುಟುಂಬದವರ ಭೇಟಿಯೂ ಸೇರಿರುತ್ತವೆ. ಶಿಬಿರ ಸುಮಾರು ಎಂಟು ದಿನಗಳದ್ದು; ಇಲಿಯ ಎರಡನೆಯ ಗೂಡಿನ ಮಿತಿ ಅದಕ್ಕೂ ತಪ್ಪಿದ್ದಲ್ಲ. ಆ ಕಾರಣಕ್ಕೇ ಶಿಬಿರದಿಂದ ಹೊರಬಂದವರನ್ನು ಅವರದೇ ಊರಿನಲ್ಲಿ ಒಟ್ಟು ಸೇರಿಸುವ ನವಜೀವನ ಸಮಿತಿಗಳು ಶಿಬಿರಕ್ಕಿಂತ ಮುಖ್ಯವೆಂದು ಹೇಳಿದರೆ ತಪ್ಪಾಗದು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ದಾರಿ ಇನ್ನೂ ಸರಳ. ಭಿಕ್ಷೆಯ ಜೋಳಿಗೆ ಹಿಡಿದು ಹಳ್ಳಿಗಳ ಮನೆಬಾಗಿಲಿಗೆ ಹೋಗಿ, ದವಸ ಕಾಸುಗಳ ಬದಲು ದುಶ್ಚಟಗಳನ್ನು ಜೋಳಿಗೆಗೆ ಹಾಕಿರೆಂದು ಅವರು ಬೇಡುತ್ತಿದ್ದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಊರವರೆದುರು ಬಾಯಿಬಿಟ್ಟು ಚಟ ಒಪ್ಪಿಸುವ ಈ ಕ್ರಿಯೆಯಲ್ಲಿ ಮನೋವಿಜ್ಞಾನ ಗುರುತಿಸುವ ಬಲವೊಂದಿದೆ: ಬಹಿರಂಗವಾಗಿ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಒತ್ತಡ ಗುಟ್ಟಿನ ಸಂಕಲ್ಪಕ್ಕಿಂತ ಹೆಚ್ಚು. ಅದರೊಳಗೆ ಒಂದು ಅಪಾಯವೂ ಅಡಗಿದೆ.

ಆಣೆ ಮುರಿದಾಗ

ಮಂಜುನಾಥನ ಮೇಲೆ, ಹೆತ್ತ ತಾಯಿಯ ಮೇಲೆ, ಮಗುವಿನ ತಲೆ ಮುಟ್ಟಿ ಆಣೆ ಮಾಡಿದವರು ಒಂದು ದಿನ ಜಾರಿ ಒಂದು ಲೋಟ ಕುಡಿದರೆನ್ನಿ. ಆಣೆ ಒಂದು ತೊಟ್ಟಿಗೂ ಮುರಿಯುತ್ತದೆ, ಒಂದು ಬಾಟಲಿಗೂ ಅಷ್ಟೇ ಮುರಿಯುತ್ತದೆ. ಹೇಗೂ ಪಾಪಿಯಾದ ಮೇಲೆ ಉಳಿದದ್ದೇಕೆ ಎಂಬ ತರ್ಕ ಒಂದು ಲೋಟವನ್ನು ವಾರಗಟ್ಟಲೆಯ ಕುಡಿತಕ್ಕೆ ಎಳೆದೊಯ್ಯುತ್ತದೆ. ಮಾರ್ಲಟ್ ಮತ್ತು ಜೂಡಿತ್ ಗಾರ್ಡನ್ 1985ರ ತಮ್ಮ ಪುಸ್ತಕದಲ್ಲಿ ಸಂಯಮಭಂಗದ ಪರಿಣಾಮವೆಂದು ವಿವರಿಸಿದ್ದು ಇದನ್ನೇ: ಜಾರಿದ್ದಕ್ಕಿಂತ, ಜಾರಿದವನು ತನ್ನ ಬಗ್ಗೆ ಕೊಟ್ಟುಕೊಳ್ಳುವ ತೀರ್ಪು ಹೆಚ್ಚು ಹಾನಿ ಮಾಡುತ್ತದೆ. ಜೀವಮಾನಕ್ಕೆಂದು ಮಾಡಿದ ಆಣೆಗೆ ಮುರಿದ ಮರುದಿನವೆಂಬುದೇ ಇಲ್ಲ. ನಿತ್ಯಾನುಷ್ಠಾನಕ್ಕೆ ಅದಿದೆ; ರಾತ್ರಿ ಕುಡಿದವನಿಗೂ ಬೆಳಗ್ಗೆ ಎದ್ದು, ಮಿಂದು, ಅದೇ ಮಣೆಯ ಮೇಲೆ ಕೂರಲು ಅಡ್ಡಿಯಿಲ್ಲ. ಅಪವಿತ್ರನಾದೆನೆಂದು ದೇವರ ಕೋಣೆಯಿಂದ ಅವನು ದೂರವುಳಿಯುವುದು, ಅಥವಾ ಮನೆಯವರೇ ಅವನನ್ನು ದೂರವಿಡುವುದು, ಅವನಿಗೆ ಉಳಿದಿದ್ದ ಒಂದು ಆಸರೆಯನ್ನೂ ಕಸಿಯುತ್ತದೆ.

ಬೇರೆಯವರು ಮಾಡುವ ಪ್ರಾರ್ಥನೆಯ ಫಲವನ್ನೂ ಪರೀಕ್ಷಿಸಲಾಗಿದೆ. ಮದ್ಯವ್ಯಸನ ಚಿಕಿತ್ಸೆಗೆ ಸೇರಿದ್ದ 40 ಜನರಲ್ಲಿ ಅರ್ಧದಷ್ಟು ಜನರಿಗಾಗಿ ಅಪರಿಚಿತರಿಂದ ಪ್ರಾರ್ಥನೆ ಮಾಡಿಸಿದ, 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪುಗಳ ಕುಡಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಮಗಾಗಿ ಮನೆಯವರು ಮೊದಲಿನಿಂದಲೂ ಪ್ರಾರ್ಥಿಸುತ್ತಿದ್ದಾರೆ ಎಂದವರು ಉಳಿದವರಿಗಿಂತ ಹೆಚ್ಚೇ ಕುಡಿಯುತ್ತಿದ್ದರು, ಬಹುಶಃ ಕುಡಿತ ಮಿತಿಮೀರಿದ ಮನೆಗಳಲ್ಲೇ ಅಂಥ ಪ್ರಾರ್ಥನೆ ಹೆಚ್ಚೆಂಬ ಕಾರಣಕ್ಕೆ. ಆ ತಂಡದಲ್ಲಿದ್ದ ವಿಲಿಯಂ ಮಿಲ್ಲರ್ ಮುಂದೆ 2008ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಲ್ಲಿ, ಚಿಕಿತ್ಸೆಯ ಆರಂಭದಲ್ಲೇ ರೋಗಿಗಳಿಗೆ ಆಧ್ಯಾತ್ಮಿಕ ಮಾರ್ಗದರ್ಶನ ಕೊಡಿಸಿದರೂ ಹೆಚ್ಚುವರಿ ಪ್ರಯೋಜನವೇನೂ ಕಾಣಲಿಲ್ಲ. ನಿದ್ರೆಯಿಲ್ಲದೆ, ಕೈ ನಡುಗುತ್ತಾ, ಕೆಲಸ ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವವನಿಗೆ ತತ್ತ್ವಬೋಧೆ ಹಿಡಿಸುವ ಹೊತ್ತು ಅದಲ್ಲ.

ವೈದ್ಯಕೀಯ ಅಪಾಯದ ಮಾತನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಬಹುಕಾಲ ದಿನವೂ ಹೆಚ್ಚು ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೆಯ ದಿನದ ನಡುವೆ ಗೊಂದಲ, ಜ್ವರ, ಇಲ್ಲದ್ದು ಕಾಣಿಸುವುದು, ತೀವ್ರ ನಡುಕಗಳಿಂದ ಕೂಡಿದ ಸನ್ನಿ ಹಿಡಿಯಬಹುದು, ಚಿಕಿತ್ಸೆ ಸಿಗದಿದ್ದರೆ ಅದು ಜೀವವನ್ನೂ ತೆಗೆಯಬಲ್ಲದು. ಇದನ್ನು ಗಾಳಿ ಮೆಟ್ಟಿದೆಯೆಂದು ತಿಳಿದು ಪೂಜಾರಿಯ ಬಳಿಗೊಯ್ದು ಕಳೆಯುವ ಒಂದೊಂದು ಗಂಟೆಯೂ ದುಬಾರಿ. ಇಂಥವರಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವವೂ ಬರಿದಾಗಿರುತ್ತದೆಯಾದ್ದರಿಂದ, ಬಿಡುವ ದಿನಗಳಲ್ಲೇ ಕಠಿಣ ಉಪವಾಸ ಹಿಡಿದರೆ ಕಣ್ಣಾಲಿಗಳ ಚಲನೆ, ನಡಿಗೆ ಮತ್ತು ನೆನಪುಗಳಿಗೆ ಶಾಶ್ವತ ಹಾನಿಯಾಗುವ ಸಾಧ್ಯತೆಯಿದೆ. ಮೊದಲ ವಾರಕ್ಕೆ ವೈದ್ಯರು, ಮಾತ್ರೆ, ಊಟ, ನಿದ್ರೆ; ನಿತ್ಯಾನುಷ್ಠಾನದ ಸರದಿ ಆಮೇಲೆ. ಆಗಲೂ ಕಡುಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್ ಅಥವಾ ಅಕ್ಯಾಂಪ್ರೊಸೇಟ್ ಮಾತ್ರೆಗಳನ್ನು, ದೇವರ ಮೇಲಿನ ನಂಬಿಕೆ ಸಾಕೆಂದು ನಿಲ್ಲಿಸುವುದಕ್ಕೆ ಯಾವ ಸಾಕ್ಷ್ಯದ ಬೆಂಬಲವೂ ಇಲ್ಲ.

ನಂಬಿಕೆಯೇ ಇಲ್ಲದವರ ಗತಿಯೇನೆಂಬ ಪ್ರಶ್ನೆಗೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 3,018 ಪುರುಷ ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಉತ್ತರದ ಒಂದು ಭಾಗವನ್ನು ಕೊಡುತ್ತದೆ: ಧಾರ್ಮಿಕ ಆಚರಣೆ ಕಡಿಮೆಯಿದ್ದವರು ಹನ್ನೆರಡು ಮೆಟ್ಟಿಲುಗಳ ಕೂಟಗಳಿಗೆ ಹೋಗುವುದು ಕಡಿಮೆಯಾಗಿದ್ದರೂ, ಹೋದವರು ಪಡೆದ ಪ್ರಯೋಜನ ಭಕ್ತರು ಪಡೆದದ್ದಕ್ಕೆ ಕಡಿಮೆಯಿರಲಿಲ್ಲ. ದೇವರ ಹೆಸರೇ ಬೇಡವೆನ್ನುವವರಿಗೆ 1994ರಿಂದ ಸ್ಮಾರ್ಟ್ ರಿಕವರಿಯಂತಹ ಜಾತ್ಯತೀತ ಕೂಟಗಳಿವೆ, ಮಂತ್ರವಿಲ್ಲದ ಉಸಿರಿನ ಗಮನವಿದೆ, ಮಲಗುವ ಮುನ್ನ ದಿನದ ನಾಲ್ಕು ಸಾಲು ಬರೆದಿಡುವ ರೂಢಿಯಿದೆ. ಯಾವುದನ್ನು ಆರಿಸಿದರೂ ಹೊತ್ತನ್ನು ಮಾತ್ರ ರೋಗಿಯ ಹಳೆಯ ದಿನಚರಿ ನೋಡಿಯೇ ಗೊತ್ತುಮಾಡಬೇಕಾಗುತ್ತದೆ: ಏಳು ಗಂಟೆಗೆ ಕುಡಿಯಲು ಕೂರುತ್ತಿದ್ದವನು ಬೆಳಗಿನ ಪೂಜೆಯ ಜೊತೆಗೆ ಆರೂವರೆಗೆ ಹತ್ತು ನಿಮಿಷ, ಅದೂ ತನ್ನ ಮನೆಯಲ್ಲೇ, ಕೂರುವುದು, ಬಟವಾಡೆಯ ಶನಿವಾರ ಕೂಟಕ್ಕೆ ಅಥವಾ ಭಜನೆಗೆ ಹೋಗುವುದು, ದಾರಿ ಆ ತಿರುವಿನಿಂದಲೇ ಹಾದುಹೋಗುವಂತಿದ್ದರೆ ಮೊದಲ ಕೆಲವು ತಿಂಗಳು ಜೊತೆಗೊಬ್ಬರನ್ನು ಕರೆದುಕೊಳ್ಳುವುದು.